ಹುಳುಮನೆಯಲ್ಲಿ ಕೇಳಿದ ಮಂದ್ರ

ಕಾರಿನ ಮುಂದಿನ ಸೀಟಿನಲ್ಲಿ ಕೂತು ತೊಡೆಯ ಮೇಲಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ ನಾಗರಾಜನಿಗೆ ತಾನು ಯಾವ ಸುಳ್ಳನ್ನೂ ಹೇಳಿಲ್ಲ ಎಂಬುದು ಸ್ಪಷ್ಟವಾಗಿತ್ತು. ಯೋಚಿಸಿದಷ್ಟೂ ಸ್ಪಷ್ಟವಾಗುತ್ತಿತ್ತು, ಸ್ಪಷ್ಟವಾದಷ್ಟೂ ಅವನು ಮತ್ತೆ ಮೊದಲಿನಿಂದ ಯೋಚಿಸುತ್ತಿದ್ದ. ಮೂರು ವಾರದ ಹಿಂದೆ ಮುರಳಿಮೋಹನ್ ಚಿಂತಾಮಣಿಯಿಂದ ಫೋನ್ ಮಾಡಿ, ಹೊಸ ಸೆಟ್ಟಿನಲ್ಲಿ ಮಂದ್ರವೇ ಇಲ್ಲ, ಮೃದಂಗದ ಎಡಗಡೆ ಬಾರಿಸಿದರೆ ತಗಡು ಬಡಿದಂತೆ ಕೇಳುತ್ತದೆ ಎಂದಾಗ ಅವನ ಬಾಯಿಂದ ಬಂದದ್ದು ಒಂದೇ ಮಾತು, ಪವರ್ ಆಂಪ್ ಕಡೆ ಏನಾದರೂ ಇರಬೇಕು ನೋಡಿ ಅಂತ. ಇರಬೇಕು ಎಂದದ್ದೇ ಹೊರತು ಇದೆ ಎಂದಿರಲಿಲ್ಲ. ಆಗ ಅವನು ಹಾಗೆಂದೇ ನಂಬಿದ್ದ ಕೂಡ. ಮಾರನೇ ದಿನ ಮುರಳಿಮೋಹನ್, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಊರಿನ ಹಾಡು ಕೇಳುವ ಹುಚ್ಚಿನವರೆಲ್ಲ ಸೇರಿ ಮಾಡಿಕೊಂಡಿದ್ದ ‘ನಾಲ್ಕೂರ ನಾದ’ ಎಂಬ ವಾಟ್ಸಾಪ್ ಗುಂಪಿನಲ್ಲಿ, “ಅಲೀಪುರದ ಆಂಪ್‌ನಲ್ಲಿ ಮಂದ್ರ ಇಲ್ಲ. ನನ್ನ ಕಿವಿಯಿಂದಲೇ ಪತ್ತೆ ಮಾಡಿದ್ದೇನೆ” ಎಂದು ಬರೆದ. ನಾಗರಾಜ ಅದಕ್ಕೆ ಅಕ್ಷರ ಒಂದೂ ಬರೆದಿರಲಿಲ್ಲ. ಒಂದು ಹೆಬ್ಬೆರಳು ಹಾಕಿದ್ದ, ಅಷ್ಟೆ. ಆ ಹಳದಿ ಹೆಬ್ಬೆರಳು ಈಗ ಚಿಕ್ಕಬಳ್ಳಾಪುರ ದಾಟಿದ ಮೇಲೂ ಅವನ ಕಣ್ಣೆದುರು, ಗಾಜಿನ ಮೇಲೆ ಕೂತ ಹುಳದ ಹಾಗೆ, ದಾರಿಯುದ್ದಕ್ಕೂ ಬರುತ್ತಿತ್ತು.

ಹಿಂದಿನ ಸೀಟಿನಲ್ಲಿ ಮುರಳಿಮೋಹನನ ತಾಯಿ ಶ್ಯಾಮಲಮ್ಮ ಕೂತಿದ್ದರು. ಅವರ ಪಕ್ಕದಲ್ಲಿ, ಬೆಲ್ಟು ಬಿಗಿದು ಕೂರಿಸಿದ್ದ ಕರೀ ಪವರ್ ಆಂಪ್. ಅದರ ಟ್ರಾನ್ಸ್‌ಫಾರ್ಮರಿನ ತೂಕವೇ ಒಂದು ಮೂಟೆ ರಾಗಿಯಷ್ಟು. ಬ್ರೇಕು ಹಾಕಿದಾಗಲೆಲ್ಲ ಅದು ಮುಂದಕ್ಕೆ ಬಾಗಿ ಶ್ಯಾಮಲಮ್ಮನವರ ಭುಜಕ್ಕೆ ಒರಗುತ್ತಿತ್ತು. ಗೌರಿಬಿದನೂರಿನ ತಂಗಿ ಮನೆಗೆ ಹೊರಟಿದ್ದ ಅವರು, ಬಂಧುಗಳ ಪೈಕಿ ಯಾರಿಗೋ ಜಾಗ ಬಿಟ್ಟುಕೊಡುವಂತೆ ಆಗಾಗ ಸರಿದು ಕೂರುತ್ತ, ಇದಕ್ಕಿಂತ ತಮ್ಮ ಹಳೇ ರೇಡಿಯೋನೇ ವಾಸಿ, ಮಡಿಲಲ್ಲಿ ಇಟ್ಟುಕೊಂಡು ಹೋಗಬಹುದಿತ್ತು ಎಂದರು. ಅಲೀಪುರದಲ್ಲಿ, ಆ ಆಂಪ್ ಕಟ್ಟಿದ ಕಾಜಿಂ ಸಾಹೇಬರ ಎದುರು ಏನು ಹೇಳಬೇಕೆಂದು ಮುರಳಿಮೋಹನ್ ಸ್ಟಿಯರಿಂಗ್ ಹಿಡಿದುಕೊಂಡೇ ಅಭ್ಯಾಸ ಮಾಡುತ್ತಿದ್ದ. ಮೊದಲು ಗಟ್ಟಿಯಾಗಿ ಹೇಳಬೇಕು, ಆಮೇಲೆ ಮೆತ್ತಗಾಗಬೇಕು. ಅಥವಾ ಮೊದಲು ಮೆತ್ತಗೆ ಶುರುಮಾಡಿ ಆಮೇಲೆ ಗಟ್ಟಿಯಾಗಬೇಕು. ಯಾವುದು ಸರಿ ಎಂದು ನಾಗರಾಜನನ್ನು ಎರಡು ಸಲ ಕೇಳಿದ. ನಾಗರಾಜ ಎರಡು ಸಲವೂ ಮೆತ್ತಗೆ ಎಂದ.

ಅವನ ತೊಡೆಯ ಮೇಲಿದ್ದದ್ದು ಪ್ರೀ ಆಂಪ್, ಅವನೇ ಕೈಯಾರೆ ಕಟ್ಟಿದ್ದು. ಹಾಡು ಮೊದಲು ಇದರೊಳಗೆ ಬರುತ್ತದೆ. ಜೋರು ಎಷ್ಟಿರಬೇಕೆಂದು ಇದರ ತಿರುಗಣಿ ನಿರ್ಧರಿಸುತ್ತದೆ. ಇಲ್ಲಿಂದ ಹೊರಟದ್ದನ್ನು ಪವರ್ ಆಂಪ್ ತೆಗೆದುಕೊಂಡು ಶಕ್ತಿ ತುಂಬಿ ಸ್ಪೀಕರಿಗೆ ಕಳಿಸುತ್ತದೆ. ಒಂದು ಕೊಡುವುದು, ಇನ್ನೊಂದು ತೆಗೆದುಕೊಳ್ಳುವುದು. ಕೊಡುವವನ ಕೈ, ತೆಗೆದುಕೊಳ್ಳುವವನ ಬಾಯಿ ಅಳತೆಗೆ ಹೊಂದಬೇಕು. ಇದು ನಾಗರಾಜನಿಗೆ ಯಾರೂ ಕಲಿಸಿದ ಪಾಠವಲ್ಲ. ಶಿಡ್ಲಘಟ್ಟದ ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಇಪ್ಪತ್ತಮೂರು ವರ್ಷದಿಂದ ಅಟೆಂಡರ್ ಆಗಿ, ಯಾವ ಮೀಟರಿನ ಮುಳ್ಳು ನಿಜ ಹೇಳುತ್ತದೆ, ಯಾವುದು ಸ್ವಲ್ಪ ಮೇಲೆ ಹೇಳುತ್ತದೆ ಎಂದು ಪೆಟ್ಟಿಗೆ ತೆರೆಯದೇ ಹೇಳಬಲ್ಲವನಾಗಿದ್ದ. ಪಾಠ ಮಾಡುವವರು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಇವನು ಹಿಂದೆ ನಿಂತು ತಂತಿ ಜೋಡಿಸುತ್ತಿದ್ದ. ಬೋರ್ಡು ಒರೆಸಿಹೋದ ಮೇಲೂ ತಂತಿ ಇವನ ಕೈಯಲ್ಲಿ ಉಳಿಯುತ್ತಿತ್ತು. ಹಾಗಾಗಿ ಗುಂಪಿನಲ್ಲಿ ಅವನ ಮಾತಿಗೆ ಒಂದು ಬೆಲೆ ಇತ್ತು. ಯಾರಾದರೂ ಹೊಸ ಸೆಟ್ಟು ಕೊಂಡರೆ ನಾಗರಾಜಣ್ಣ ಒಂದ್ಸಲ ಕೇಳಲಿ ಎನ್ನುತ್ತಿದ್ದರು. ಅವನು ಹೋಗಿ, ಚಾಪೆಯ ಮೇಲೆ ಕೂತು, ಕಣ್ಣು ಮುಚ್ಚಿ ಕೇಳಿ, ಕೊನೆಗೆ ಪರವಾಗಿಲ್ಲ ಎನ್ನುತ್ತಿದ್ದ. ಆ ಒಂದು ಮಾತಿಗೆ ಜನ ಕಾಯುವುದು, ಕಾಫಿ ಲೋಟ ಹಿಡಿದುಕೊಂಡು ಅವನ ಮುಖ ನೋಡುವುದು, ಇವೆಲ್ಲ ತನಗೆ ಇಷ್ಟವಾಗುತ್ತಿತ್ತು ಎಂದು ಈ ಮೂರು ವಾರದಲ್ಲಿ ಅವನಿಗೆ ಗೊತ್ತಾಗಿತ್ತು. ಅದಕ್ಕೆ ಮೊದಲು ಗೊತ್ತಿರಲಿಲ್ಲ.

ಅವನ ಮನೆ ಸಾದಲಿಯ ಪಕ್ಕದ ಹಳ್ಳಿಯಲ್ಲಿ. ಹೆಂಡತಿ ಆಶಾರಾಣಿ ರೇಷ್ಮೆ ಹುಳು ಸಾಕುತ್ತಾಳೆ. ಮನೆಗಿಂತ ಅವಳ ಹುಳುಮನೆ ದೊಡ್ಡದು: ಅರವತ್ತು ಅಡಿ ಉದ್ದದ ಒಂದೇ ಕೋಣೆ, ಸಿಮೆಂಟು ಗೋಡೆ, ಮೇಲೆ ಶೀಟು. ಒಂದು ಬೆಳೆ ಮುಗಿದು ಗೂಡು ಮಾರುಕಟ್ಟೆಗೆ ಹೋದ ಮೇಲೆ ಮುಂದಿನ ಹುಳು ಬರುವ ತನಕ ಅದು ಖಾಲಿ. ಆ ಹತ್ತು ಹನ್ನೆರಡು ದಿನ ಅದು ನಾಗರಾಜನದ್ದು. ಕಾಜಿಂ ಸಾಹೇಬರು ಮುರಳಿಮೋಹನನಿಗೆ ಕಟ್ಟಿದ ಪವರ್ ಆಂಪ್ ಮೊದಲು ಅಲ್ಲಿಗೇ ಬಂದಿತ್ತು, ಪ್ರೀ ಆಂಪಿಗೆ ಜೋಡಿ ಮಾಡಲೆಂದು. ಸಾಹೇಬರು ಫೋನಿನಲ್ಲಿ, ತನ್ನ ಆಂಪು ಒಳಬಾಯಿಯಲ್ಲಿ ಬರೀ ಹತ್ತು ಕಿಲೋ ಓಮ್ ತಡೆಯದ್ದು, ಉಳಿದವರ ಆಂಪಿನ ಹಾಗೆ ಸಣ್ಣಪುಟ್ಟದ್ದಕ್ಕೆ ತೃಪ್ತಿಪಡುವುದಲ್ಲ, ಜಾಸ್ತಿ ಎಳೆದುಕೊಳ್ಳುತ್ತದೆ, ನೋಡಿಕೊಂಡು ಹಾಕಿ ಎಂದು ಹೇಳಿದ್ದರು. ಗೊತ್ತು ಗೊತ್ತು ಎಂದಿದ್ದ ನಾಗರಾಜ. ನೋಡಿಕೊಂಡೇ ಹಾಕಿದ್ದ. ಪ್ರೀ ಆಂಪಿನಿಂದ ದನಿ ಹೊರಗೆ ಹೋಗುವ ದಾರಿಯಲ್ಲಿ ಎರಡು ದೊಡ್ಡ ಕೆಪಾಸಿಟರ್ ಹಾಕಿ, ಹುಳುಮನೆಯಲ್ಲಿ ಒಂದು ಹಳೇ ಹರಿಕಥೆ ಹಚ್ಚಿದರೆ, ದಾಸರ ದನಿ ಬಾವಿಯೊಳಗಿಂದ ಬಂದ ಹಾಗೆ ಗುಮ್ಮೆಂದಿತು. ಮೃದಂಗದ ಎಡಗಡೆಯ ಒಂದು ಪೆಟ್ಟು ಕೋಣೆಯ ಆ ಕೊನೆಗೆ ಹೋಗಿ, ಅಲ್ಲಿ ಊಟ ಮಾಡಿಕೊಂಡು ವಾಪಸು ಬರುತ್ತಿತ್ತು. ಮಂದ್ರ ಜಾಸ್ತಿಯಾಯಿತು ಎಂದುಕೊಂಡ. ದೊಡ್ಡ ಕೆಪಾಸಿಟರ್ ತೆಗೆದು ಕಡಲೆಬೀಜದಷ್ಟಿರುವ ಎರಡನ್ನು ಹಾಕಿದ. ಅವು ಆ ಹತ್ತು ಕಿಲೋ ಆಂಪಿನ ಜೊತೆ ಸೇರಿದಾಗ ಕೆಳಗಿನ ಸ್ವರಗಳನ್ನು ಸೋಸಿ ಹಿಂದೆ ನಿಲ್ಲಿಸುತ್ತವೆ. ದನಿ ಸರಿಯಾಯಿತು. ಎಷ್ಟು ಸರಿಯಾಯಿತೆಂದರೆ ಅವನು ಅರ್ಧ ಗಂಟೆ ಬ್ಲೀಚಿಂಗ್ ಪೌಡರಿನ ವಾಸನೆಯಲ್ಲಿ ಒಬ್ಬನೇ ಕೂತು ತನ್ನ ಕಿವಿಯನ್ನು ತಾನೇ ಮೆಚ್ಚಿಕೊಂಡ.

ಮುರಳಿಮೋಹನನ ಫೋನ್ ಬಂದ ಮಾರನೇ ವಾರ ಆಶಾರಾಣಿ ಹುಳುಮನೆ ತೊಳೆಯುತ್ತಿದ್ದಳು. ಅವನು ಬಾಗಿಲಲ್ಲಿ ಪೈಪು ಹಿಡಿದು ನಿಂತಿದ್ದ. ಒಳಗಿನಿಂದ ಒಂದು ಕೆಮ್ಮು ಕೇಳಿಸಿತು. ಯಾರೋ ಗಂಡಸರು ಒಳಗಿದ್ದಾರೆ ಎಂದುಕೊಂಡು ಅವನು ಇಣುಕಿದ. ಇದ್ದವಳು ಅವಳೊಬ್ಬಳೇ. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಪೊರಕೆ ಹಿಡಿದು ನಿಂತವಳು, “ಏನ್ರೀ ಹಂಗ್ ನೋಡ್ತೀರ? ಈ ಮನೇಲಿ ನಾನ್ ಕೆಮ್ಮಿದ್ರೂ ಗಂಡಸು ಕೆಮ್ಮಿದಂಗೇ ಕೇಳ್ತದೆ” ಎಂದು ಮತ್ತೆ ಗುಡಿಸಲು ಬಾಗಿದಳು. ಅವನ ಕೈಯಲ್ಲಿದ್ದ ಪೈಪು ಅವನ ಕಾಲನ್ನೇ ತೊಯ್ಯಿಸುತ್ತಿತ್ತು. ಮಂದ್ರ ಆಂಪಿನದಲ್ಲ, ಕೋಣೆಯದು. ಕೋಣೆ ಕೂಡಿಸಿದ್ದನ್ನು ಅವನು ಪೆಟ್ಟಿಗೆಯಿಂದ ಕಳೆದಿದ್ದ. ಮುರಳಿಮೋಹನನ ಹಾಲಿನಲ್ಲಿ ಸೋಫಾ ಇತ್ತು, ಪರದೆ ಇತ್ತು, ಪುಸ್ತಕದ ಬೀರು ಇತ್ತು. ಅಲ್ಲಿ ಕೆಮ್ಮು ಕೆಮ್ಮಿನಷ್ಟೇ ಇರುತ್ತದೆ. ಕಳೆದದ್ದು ಕಳೆದೇ ಹೋಗಿತ್ತು. ಇಪ್ಪತ್ತಮೂರು ವರ್ಷ ಸುಳ್ಳು ಹೇಳುವ ಮೀಟರುಗಳನ್ನು ಹಿಡಿದವನಿಗೆ, ಸ್ವಂತ ಹೆಂಡತಿಯ ಕೋಣೆ ಸುಳ್ಳು ಹೇಳೀತು ಎಂದು ಹೊಳೆದಿರಲಿಲ್ಲ. ಅವತ್ತೇ ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಪ್ರೀ ಆಂಪನ್ನು ಒಂದ್ಸಲ ಮನೆಗೆ ಕೊಡಿ, ಸುಮ್ಮನೆ ನೋಡುತ್ತೇನೆ ಎಂದಷ್ಟೇ ಕೇಳಿದ. ನಿಮ್ಮ ಪೆಟ್ಟಿಗೆಗೇನಾಗಿದೆ ನೋಡೋಕೆ ಎಂದ ಮುರಳಿಮೋಹನ್. ಮಾರನೇ ದಿನ ಹುಳು ಬಂದವು. ಹುಳು ಇರುವ ತನಕ ಮನೆಯಲ್ಲಿ ಊದುಬತ್ತಿ ಇಲ್ಲ, ಸೊಳ್ಳೆಬತ್ತಿ ಇಲ್ಲ, ಬೆಸುಗೆ ಹಾಕುವ ಹೊಗೆಯಂತೂ ಇಲ್ಲವೇ ಇಲ್ಲ. ಹೊಗೆ ತಗುಲಿದರೆ ಹುಳು ಸೊಪ್ಪು ತಿನ್ನುವುದನ್ನೇ ಬಿಡುತ್ತವೆ. ಇನ್ನು ಬೆಸುಗೆ ಹೇಗೆ ಹಾಕುವುದು ಎಂದು ತನಗೆ ತಾನೇ ಹೇಳಿಕೊಂಡ. ಕಾಲೇಜಿನ ಲ್ಯಾಬಿನಲ್ಲಿ ಎರಡು ಬೆಸುಗೆ ಕಡ್ಡಿಗಳು ಅವನದೇ ಬೀರುವಿನಲ್ಲಿ, ಅವನದೇ ಬೀಗದ ಹಿಂದೆ ಇದ್ದವು. ಹುಳು ನಾಲ್ಕನೇ ಜ್ವರಕ್ಕೆ ಕೂತು, ಪೊರೆ ಬಿಟ್ಟು ಎದ್ದು, ಮಳೆ ಹನಿದ ಹಾಗೆ ಸದ್ದು ಮಾಡುತ್ತ ಸೊಪ್ಪು ತಿನ್ನಲು ಶುರುಮಾಡಿದವು. ಅವನು ಫೋನ್ ಮಾಡಲಿಲ್ಲ. ಈ ನಡುವೆ ಚಿಕ್ಕಬಳ್ಳಾಪುರದ ಮೋಹನ್‌ಬಾಬು, ಕಾಜಿಂ ಸಾಹೇಬರಿಗೆ ಇಂಥದೇ ಒಂದು ಆಂಪ್ ಹೇಳಿದ್ದವರು, ಸದ್ಯ ಬೇಡ, ನೋಡೋಣ ಎಂದು ಗುಂಪಿನಲ್ಲಿ ಬರೆದರು.

ಈಗ ಕಾರಿನಲ್ಲಿ ಕೂತ ನಾಗರಾಜನ ಅಂಗಿಯ ಜೇಬಿನಲ್ಲಿ, ಪೇಪರಿನಲ್ಲಿ ಸುತ್ತಿದ ಎರಡು ದೊಡ್ಡ ಕೆಪಾಸಿಟರ್‌ಗಳಿದ್ದವು. ಯಾವುದಕ್ಕೂ ಇರಲಿ, ಪ್ರೀ ಆಂಪನ್ನೂ ತನ್ನಿ, ಜೊತೆಗೆ ಹಾಕಿ ತೋರಿಸೋಣ ಎಂದು ಮುರಳಿಮೋಹನನಿಗೆ ಹೇಳಿದ್ದು ಅವನೇ. ಸಾಹೇಬರ ಮನೆಯಲ್ಲಿ ಬೆಸುಗೆ ಕಡ್ಡಿ ಯಾವಾಗಲೂ ಬಿಸಿ ಇರುತ್ತದೆ. ಐದು ನಿಮಿಷ ಸಿಕ್ಕರೆ ಸಾಕು. ಐದು ನಿಮಿಷ ಸಿಕ್ಕರೆ ಯಾರ ತಪ್ಪೂ ಇಲ್ಲದೆ ಎಲ್ಲ ಸರಿಹೋಗುತ್ತದೆ. ಇದು ಮೋಸವೇ ಎಂದು ಮಂಚೇನಹಳ್ಳಿಯ ತನಕ ಯೋಚಿಸಿ, ಅಲ್ಲ, ರಿಪೇರಿ ಎಂದು ತೀರ್ಮಾನಿಸಿದ. ಹಿಂದಿನಿಂದ ಶ್ಯಾಮಲಮ್ಮ, ಏನಪ್ಪಾ ನಾಗರಾಜು, ಎದೆ ನೋವಾ, ಅವಾಗಿಂದ ಎದೆ ಮುಟ್ಟಿ ಮುಟ್ಟಿ ನೋಡ್ಕೊತಿದೀಯ ಎಂದು ಕೇಳಿದರು. ಅವನು ಜೇಬಿನಿಂದ ಕೈ ತೆಗೆದ.

ಕಾಜಿಂ ಸಾಹೇಬರ ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಅರವತ್ತು ದಾಟಿದ, ಬೆಳ್ಳಗಿನ ಗಡ್ಡದ, ನಿಧಾನದ ಮನುಷ್ಯ. ತಾಮ್ರದ ತಂತಿಯ ಸುರುಳಿಗಳ ನಡುವೆ, ಕೂತಲ್ಲಿಂದಲೇ ಎಲ್ಲವೂ ಕೈಗೆಟುಕುವ ಹಾಗೆ ಜೋಡಿಸಿಕೊಂಡಿದ್ದರು. ಮುರಳಿಮೋಹನ್ ಗಟ್ಟಿಯಾಗಿ ಶುರುಮಾಡಬೇಕೆಂದಿದ್ದವನು, ಅವರು ಎದ್ದು ನಿಂತು ಶ್ಯಾಮಲಮ್ಮನವರಿಗೆ ಕುರ್ಚಿ ಒರೆಸಿಕೊಟ್ಟದ್ದನ್ನು ನೋಡಿದ ಮೇಲೆ, ಚೂರು ಮಂದ್ರ ಕಮ್ಮಿ ಅನ್ನಿಸಿತು ಸಾಹೇಬರೇ, ಚೂರೇ ಚೂರು ಎಂದ. ಚಹಾ ಬಂತು. ಶ್ಯಾಮಲಮ್ಮನವರನ್ನು ಸಾಹೇಬರ ಹೆಂಡತಿ ಒಳಗೆ ಕರೆದುಕೊಂಡು ಹೋದರು. ಇಬ್ಬರೂ ಆಗಲೇ ಬಹಳ ದಿನದ ಪರಿಚಯದವರಂತೆ ಮಂಡಿ ನೋವಿನ ವಿಷಯಕ್ಕೆ ಬಂದಿದ್ದರು. ಸಾಹೇಬರು ಎರಡೂ ಪೆಟ್ಟಿಗೆ ಜೋಡಿಸಿ, ಗೋಡೆಗೆ ಒರಗಿಸಿದ್ದ ಸ್ಪೀಕರುಗಳಿಗೆ ತಂತಿ ಕೊಟ್ಟು, ಹರಿಕಥೆ ಹಚ್ಚಿ, ಸ್ಟೂಲಿನ ಮೇಲೆ ಕೂತು ತಲೆ ತಗ್ಗಿಸಿ ಕೇಳಿದರು. ದಾಸರ ದನಿ ಸಣ್ಣಗೆ, ಮೂಗಿನಿಂದ ಬಂದಂತೆ ಬಂತು. ಒಳಗಿನಿಂದ ಶ್ಯಾಮಲಮ್ಮ, ನಮ್ಮನೇಲೂ ಹಿಂಗೇ, ದಾಸರು ಊಟ ಮಾಡ್ದೆ ಬಂದಂಗೈತೆ ಎಂದರು. ಸಾಹೇಬರ ಮುಖದ ಮೇಲೆ ಒಂದು ನೆರಳು ಕೂತದ್ದನ್ನು ನಾಗರಾಜ ನೋಡಿದ. ಅವರು ಪವರ್ ಆಂಪಿನ ಮುಚ್ಚಳದ ಮೇಲೆ ಅಂಗೈ ಇಟ್ಟರು, ಪಾಸಾಗದೆ ಬಂದ ಹುಡುಗನ ತಲೆಯ ಮೇಲೆ ಇಡುವ ಹಾಗೆ. ನಾಲ್ಕು ದಶಕದಿಂದ ಊರಿನ ಸಭೆಗಳಿಗೆ ಆಂಪ್ ಕಟ್ಟುತ್ತಿದ್ದೇನೆ, ಮೊಹರಂ ದಿನಗಳಲ್ಲಿ ಒಳಗೆ ಓದುವವರ ದನಿ ಬೀದಿಯ ಕೊನೆಯವರೆಗೆ ಉದ್ದದ ತಂತಿಯಲ್ಲಿ ಹೋಗಬೇಕು, ತಂತಿಯಲ್ಲಿ ಗೊಂಯ್‌ಗುಟ್ಟಬಾರದು ಅಂತಲೇ ಹತ್ತು ಕಿಲೋ ಇಡುತ್ತೇನೆ, ಯಾರೂ ಹೀಗೆ ಅಂದಿರಲಿಲ್ಲ ಎಂದರು. ಪ್ರೀ ಆಂಪಿನ ಕಡೆ ಬೆರಳು ಮಾಡಿ, “ಇದರ ಮೇಲೆ ನಂಗೆ ಅನುಮಾನ ಇಲ್ಲ. ನಾಗರಾಜಣ್ಣನ ಕೈ ಅದು. ನಂದೇ ಏನೋ ಆಗಿದೆ” ಎಂದರು. ಪ್ರೀ ಆಂಪಿನ ಬದಲು ಬೇರೆ ಪೆಟ್ಟಿಗೆ ಹಾಕಿ ನೋಡೋಣವೆಂದರೆ ಅವರ ಮಿಕ್ಸರ್ ಸಭೆಯ ಹಾಲಿನಲ್ಲಿತ್ತು. ನಮಾಜಿನ ಹೊತ್ತಾಗಿತ್ತು. ಬಂದು ಬಿಚ್ಚುತ್ತೇನೆ ಎಂದು ಟೋಪಿ ಹಾಕಿಕೊಂಡು ಹೊರಟರು. ಅದೇ ಹೊತ್ತಿಗೆ ಹುಲ್ಲು ತುಂಬಿದ ಟ್ರ್ಯಾಕ್ಟರೊಂದು ಓಣಿಯಲ್ಲಿ ಬಂದು, ಕಾರು ತೆಗೀರಿ ಎಂದು ಹಾರ್ನ್ ಹೊಡೆಯತೊಡಗಿತು. ಮುರಳಿಮೋಹನ್ ಓಡಿದ.

ಕೋಣೆಯಲ್ಲಿ ನಾಗರಾಜನೊಬ್ಬನೇ ಉಳಿದ. ಬೆಸುಗೆ ಕಡ್ಡಿ ಸ್ಟ್ಯಾಂಡಿನಲ್ಲಿ ಬಿಸಿಯಾಗಿಯೇ ಇತ್ತು. ಇಷ್ಟು ಸುಲಭವಾಗಿ ಸಿಗುತ್ತದೆಂದು ಅವನು ಅಂದುಕೊಂಡಿರಲಿಲ್ಲ. ಸ್ವಲ್ಪ ಕಷ್ಟವಾಗಿದ್ದರೆ ಕಷ್ಟದ ನೆಪದಲ್ಲಿ ಸುಮ್ಮನಿರಬಹುದಿತ್ತು. ಪ್ಲಗ್ ಕಿತ್ತು, ಒಳಗೆ ಉಳಿದ ಕರೆಂಟು ಇಳಿಯುವ ತನಕ ಮನಸ್ಸಿನಲ್ಲಿ ಅರವತ್ತರ ತನಕ ಎಣಿಸಿ, ಪ್ರೀ ಆಂಪಿನ ನಾಲ್ಕು ಸ್ಕ್ರೂ ಬಿಚ್ಚಿದ. ಕಡಲೆಬೀಜದಂಥ ಎರಡನ್ನು ಕಿತ್ತು ಜೇಬಿಗೆ ಹಾಕಿಕೊಂಡು ದೊಡ್ಡವನ್ನು ಕೂರಿಸಿದ. ಕಾಲೇಜಿನಲ್ಲಿ ಒಂದು ಸಲ, ಪರೀಕ್ಷೆಯ ದಿನ, ಹುಡುಗಿಯೊಬ್ಬಳ ಸರ್ಕ್ಯೂಟಿನಲ್ಲಿ ಬಿಟ್ಟುಹೋಗಿದ್ದ ತಂತಿಯನ್ನು ಅವಳಿಗೂ ಗೊತ್ತಾಗದ ಹಾಗೆ ಮೇಜಿನ ಕೆಳಗಿನಿಂದ ಸಿಕ್ಕಿಸಿದ್ದ. ಆವತ್ತು ಮನೆಗೆ ಹೋಗುವಾಗ ಸೈಕಲ್ಲೇ ಹಗುರಾದಂತಿತ್ತು. ಇದೂ ಅಂಥದೇ ಎಂದುಕೊಂಡ. ಆದರೆ ಹಗುರಾಗಲಿಲ್ಲ. ಸ್ಕ್ರೂ ಬಿಗಿದು, ಪ್ಲಗ್ ಹಾಕಿ, ಚಹಾದ ಲೋಟ ಕೈಗೆತ್ತಿಕೊಂಡು ಕೂತಾಗ ಮುರಳಿಮೋಹನ್ ಬೆವರೊರೆಸಿಕೊಳ್ಳುತ್ತ ಬಂದ. ಸ್ವಲ್ಪ ಹೊತ್ತಿಗೆ ಸಾಹೇಬರೂ ಬಂದರು.

ಬಿಚ್ಚುವ ಮೊದಲು ಇನ್ನೊಂದು ಸಲ ಕೇಳುತ್ತೇನೆ ಎಂದು ಸಾಹೇಬರು ಹರಿಕಥೆ ಹಚ್ಚಿದರು. ದಾಸರು ಬಾಯಿ ತೆರೆದರು. ಎದೆಯಿಂದ, ಅದಕ್ಕೂ ಕೆಳಗಿನಿಂದ, ತುಂಬಿದ ದನಿ ಕೋಣೆಗೆ ಬಂತು. ಮೃದಂಗದ ಎಡಗಡೆ ಒಂದು ಪೆಟ್ಟು ಬಿದ್ದದ್ದೇ ಮೇಜಿನ ಮೇಲಿನ ಚಹಾ ಲೋಟ ಸಣ್ಣಗೆ ಅದುರಿತು. ಶ್ಯಾಮಲಮ್ಮ ಒಳಗಿನಿಂದ ಎದ್ದು ಬಾಗಿಲಿಗೇ ಬಂದುಬಿಟ್ಟರು. ಮುರಳಿಮೋಹನನ ಮುಖ ಅರಳಿತು. ನೀವು ಕೈಯಿಟ್ಟರೆ ಸಾಕು ಸಾಹೇಬರೇ, ನಾನು ಅವತ್ತೇ ಹೇಳಿದ್ದೆ, ಆಂಪ್‌ನಲ್ಲಿ ಸಣ್ಣದೇನೋ ಇದೆ ಅಂತ ಎಂದು ಎರಡೂ ಕೈ ಜೋಡಿಸಿದ. ನಾಗರಾಜನೂ ನಗಲು ತಯಾರಾದ. ಆದರೆ ಸಾಹೇಬರು ನಗುತ್ತಿರಲಿಲ್ಲ. ಆಂಪನ್ನು ಆರಿಸಿದರು. ಮತ್ತೆ ಹಚ್ಚಿದರು. ಒಂದು ಬೆರಳಿನಿಂದ ಅದರ ಪಕ್ಕೆಗೆ ತಟ್ಟಿದರು. ದನಿ ಹಾಗೇ ತುಂಬಿಕೊಂಡು ಬರುತ್ತಿತ್ತು.

“ನಾನು ಕೈಯಿಟ್ಟಿಲ್ಲ,” ಎಂದರು. “ಮುಚ್ಚಳ ಕೂಡ ತೆಗ್ದಿಲ್ಲ.”

ತಾನಾಗಿ ಸರಿಹೋದದ್ದು ತಾನಾಗಿಯೇ ಕೆಡುತ್ತದೆ ಎನ್ನುವುದನ್ನು ಅವರು ಬಹಳ ತಾಳ್ಮೆಯಿಂದ, ಮುರಳಿಮೋಹನನಿಗಿಂತ ಹೆಚ್ಚಾಗಿ ತಮಗೇ ಹೇಳಿಕೊಳ್ಳುವಂತೆ ವಿವರಿಸಿದರು. ಎಲ್ಲೋ ಒಂದು ಬೆಸುಗೆ ಹಿಡಿದಂತೆ ಮಾಡಿ ಹಿಡಿಯದೆ ಇದೆ. ಅಂಥದನ್ನು ಯಾರ ಮನೆಗೂ ಕಳಿಸಲಾಗದು. ಇದನ್ನು ಇಲ್ಲೇ ಬಿಟ್ಟು ಹೋಗಿ, ಒಂದು ತಿಂಗಳು ಹಿಡಿಯಲಿ, ಒಂದೊಂದು ಬೆಸುಗೆಯನ್ನೂ ಬಿಚ್ಚಿ ಮತ್ತೆ ಹಾಕುತ್ತೇನೆ. ಆಮೇಲೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ, ಕಣ್ಣು ಮೊದಲಿನಂತಿಲ್ಲ, ಮೋಹನ್‌ಬಾಬು ಬೇಡವೆಂದದ್ದೇ ಒಳ್ಳೆಯದಾಯಿತು, ಇದೊಂದು ಸರಿಮಾಡಿ ಕೊಟ್ಟು ಇನ್ನು ಮನೆ ಆಂಪು ಕಟ್ಟುವುದನ್ನು ಸಾಕುಮಾಡುತ್ತೇನೆ ಎಂದರು. ದುಃಖದಿಂದ ಹೇಳಲಿಲ್ಲ. ಅಂಗಡಿಯ ಬಾಗಿಲು ಹಾಕುವ ಹೊತ್ತಾಯಿತು ಎನ್ನುವ ಹಾಗೆ ಹೇಳಿದರು. ಆಂಪನ್ನು ಆರಿಸಿ, ಸ್ಕ್ರೂಡ್ರೈವರ್ ಎತ್ತಿಕೊಂಡು ಮುಚ್ಚಳದ ಮೊದಲನೇ ಸ್ಕ್ರೂಗೆ ಇಟ್ಟರು.

ಆ ಸ್ಕ್ರೂ ತಿರುಗಲು ಶುರುವಾದದ್ದನ್ನು ನಾಗರಾಜ ನೋಡಿದ. ಮುಕ್ಕಾಲು ಸುತ್ತು. ಒಳಗೆ ಒಂದೂ ತಪ್ಪಿಲ್ಲದ, ನೂರಾರು ಬೆಸುಗೆಗಳಿದ್ದವು. ಹುಳುಮನೆಯಲ್ಲಿ ಅವನೇ ಮುಚ್ಚಳ ತೆಗೆದು, ಇಷ್ಟು ಚೊಕ್ಕ ಕೆಲಸ ತನಗೆ ಯಾವತ್ತೂ ಬರುವುದಿಲ್ಲ ಎಂದು ಹೊಟ್ಟೆಕಿಚ್ಚು ಪಟ್ಟಿದ್ದ. ಈ ಮನುಷ್ಯ ಅವನ್ನೆಲ್ಲ ಒಂದೊಂದಾಗಿ ಕಿತ್ತು, ಇಲ್ಲದ ತಪ್ಪು ಹುಡುಕಿ, ಸಿಗದೆ, ತನ್ನ ಕಣ್ಣನ್ನೇ ಅನುಮಾನಿಸುತ್ತ ಒಂದು ತಿಂಗಳು ಕೂತಿರುತ್ತಾರೆ. ಇನ್ನೊಂದು ಸುತ್ತು ತಿರುಗಲಿ, ಆಮೇಲೆ ಹೇಳೋಣ ಎಂದು ಒಳಗೆ ಯಾರೋ ಅಂದರು. ಹಾಗಂದದ್ದು ಯಾರೆಂದು ಅವನಿಗೆ ಈಗ ಚೆನ್ನಾಗಿ ಪರಿಚಯವಿತ್ತು.

“ಸಾಹೇಬ್ರೇ, ಬಿಚ್ಚಬೇಡಿ,” ಎಂದ. “ನಿಮ್ಮ ಆಂಪ್‌ದು ಏನೂ ಇಲ್ಲ. ತಪ್ಪು ನಂದು.”

ಜೇಬಿನಿಂದ ಎರಡು ಸಣ್ಣ ಕೆಪಾಸಿಟರ್ ತೆಗೆದು ಅಂಗೈ ಚಾಚಿದ. ನೀವು ನಮಾಜಿಗೆ ಹೋದಾಗ ಬದಲಾಯಿಸಿದೆ ಎಂದ. ಎರಡು ವಾರದಿಂದ ಗೊತ್ತಿತ್ತು ಎಂದ. ಎರಡನೆಯದನ್ನು ಹೇಳಬೇಕಾಗಿರಲಿಲ್ಲ, ಯಾರೂ ಕೇಳಿರಲಿಲ್ಲ. ಆದರೆ ಬಾಯಿ ತೆರೆದ ಮೇಲೆ ಅದೂ ಬಂತು. ಸಾಹೇಬರು ಒಂದನ್ನು ಚಿಟಿಕೆಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಅದರ ಮೇಲಿನ ಅಂಕಿ ಓದಿದರು.

“ಇಷ್ಟ್ ಚಿಕ್ಕದು ಯಾಕೆ ಹಾಕಿದ್ರಿ? ಹತ್ತು ಕಿಲೋ ಅಂತ ಫೋನಲ್ಲೇ ಹೇಳಿದ್ನಲ್ಲ.”

“ಹೇಳಿದ್ರಿ.”

“ಮತ್ತೆ?”

“ನಮ್ಮ ಹುಳುಮನೇಲಿ ಕೇಳ್ನೋಡಿ ಹಾಕ್ದೆ. ಅಲ್ಲಿ ಸರಿಯಾಗೇ ಇತ್ತು.”

ಸಾಹೇಬರು ಅವನನ್ನೇ ನೋಡುತ್ತಿದ್ದರು. ಅರವತ್ತು ಅಡಿ, ಸಿಮೆಂಟು ಗೋಡೆ, ಮೇಲೆ ಶೀಟು ಎಂದು ಯಾರೂ ಕೇಳದೆಯೇ ಅವನು ವಿವರ ಕೊಟ್ಟ.

“ಹುಳ ಏನಂದ್ವು?” ಎಂದರು ಸಾಹೇಬರು.

ಮೊದಲು ನಕ್ಕದ್ದು ಬಾಗಿಲಲ್ಲಿದ್ದ ಶ್ಯಾಮಲಮ್ಮ. ನಗು ಒಳಗೆ ಹೋಗಿ, ಉರ್ದುವಿಗೆ ತಿರುಗಿ, ಸಾಹೇಬರ ಹೆಂಡತಿಯ ದನಿಯಲ್ಲಿ ಇನ್ನೊಂದು ಸಲ ಹೊರಬಂತು. ಸಾಹೇಬರ ಗಡ್ಡವೂ ಅಲುಗಿತು. ಆದರೆ ಸ್ಕ್ರೂಡ್ರೈವರನ್ನು ಜಾಗದಲ್ಲಿಡುತ್ತ, “ಮೂರು ವಾರದಿಂದ ನಂಗೆ ಸರಿಯಾಗಿ ನಿದ್ದೆ ಇಲ್ಲ ನಾಗರಾಜಣ್ಣ” ಎಂದರು. ಅದನ್ನೂ ಮೆಲ್ಲಗೇ ಹೇಳಿದರು. ಅವರು ಬೈದಿದ್ದರೆ ಅವನು ಬೈಸಿಕೊಂಡು ಹಗುರಾಗಬಹುದಿತ್ತು. ಬೈಯಲಿಲ್ಲ. ಅವನು ನೆಲ ನೋಡುತ್ತ ನಿಂತ. ನೆಲದ ಮೇಲೆ ತಾಮ್ರದ ತಂತಿಯ ಒಂದು ತುಂಡು ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಅದನ್ನು ಎತ್ತಿ ಮೇಜಿನ ಮೇಲಿಟ್ಟ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ.

ನಿಜವಾಗಿ ಕೆಟ್ಟಿದ್ದು ಮುರಳಿಮೋಹನನ ಮುಖ. ಮತ್ತೆ ನಾನು ಗುಂಪಿನಲ್ಲಿ ಹಾಕಿದ್ದು ಎಂದ. ಅವನ ಕಿವಿಗಳು, ಪತ್ತೆ ಮಾಡಿದ್ದ ಆ ಎರಡು ಕಿವಿಗಳು, ನೋಡನೋಡುತ್ತಲೇ ಕೆಂಪಗಾದವು. “ನೀ ಚೆವುಲೇ ಗದಾ ನಾಯನಾ ಕನುಕ್ಕುನ್ನಿಂದಿ” ಎಂದರು ಅವನ ತಾಯಿ, ಕಂಡುಹಿಡಿದದ್ದು ನಿನ್ನ ಕಿವಿಗಳೇ ಅಲ್ಲವೇನಪ್ಪಾ ಎಂದು, ಬೆಣ್ಣೆಯಷ್ಟು ಮೆತ್ತಗೆ. ಅವನು ನಾಗರಾಜನ ಕಡೆ ತಿರುಗಿ, ನೀವು ಮೆತ್ತಗೆ ಮೆತ್ತಗೆ ಅಂದಾಗಲೇ ನನಗೆ ತಿಳಿಯಬೇಕಿತ್ತು ಎಂದ. ಸಿಟ್ಟು ಮಾಡಬೇಕೆಂದಿದ್ದ, ಆದರೆ ಸಾಹೇಬರು ಮತ್ತೆ ಹಚ್ಚಿದ್ದ ದಾಸರ ದನಿ ಹಿಂದೆ ಬರುತ್ತಲೇ ಇತ್ತು, ಮೃದಂಗ ಎದೆಗೆ ತಟ್ಟುತ್ತಿತ್ತು. ಅಷ್ಟು ಚೆನ್ನಾಗಿರುವ ಸೆಟ್ಟು ತನ್ನದೇ ಎನ್ನುವ ಸಂತೋಷ ಅವನ ಸಿಟ್ಟನ್ನು ನಿಲ್ಲಲು ಬಿಡುತ್ತಿರಲಿಲ್ಲ.

ಗುಂಪಿನಲ್ಲಿ ಬರೆಯಬೇಕು ಎಂದವರು ಸಾಹೇಬರಲ್ಲ, ನಾಗರಾಜನೇ. ಫೋನ್ ತೆಗೆದು ಸ್ಟೂಲಿನ ಮೇಲೆ ಕೂತು ಬರೆದ. ಬರೆದದ್ದನ್ನು ಸಾಹೇಬರಿಗೆ ಕೊಟ್ಟ. ಅವರು ಫೋನನ್ನು ದೂರ ಹಿಡಿದು ಓದಿದರು. ಕೋಣೆಯ ಉದ್ದಗಲ ಇತ್ತು, ಶೀಟಿನ ಮಾಡು ಇತ್ತು, ಬೇಸಿಗೆಯಲ್ಲಿ ಕರೆಂಟು ಏರುಪೇರಾಗುವ ವಿಷಯ ಇತ್ತು, ಎರಡು ಆಂಪುಗಳ ಹೊಂದಾಣಿಕೆ ಎಷ್ಟು ಸೂಕ್ಷ್ಮ ಎಂಬುದು ಮೂರು ಸಾಲಿನಲ್ಲಿತ್ತು. “ಇದರಲ್ಲಿ ನಾನೆಲ್ಲಿದೀನಿ, ನೀವೆಲ್ಲಿದೀರ?” ಎಂದು ಕೇಳಿ ವಾಪಸು ಕೊಟ್ಟರು. ಅವನು ಕರೆಂಟನ್ನು ಅಳಿಸಿದ. ಶೀಟನ್ನು ಅಳಿಸಿದ. ಸೂಕ್ಷ್ಮ ಎನ್ನುವ ಪದವನ್ನು ಅಳಿಸಲು ಸ್ವಲ್ಪ ಹೊತ್ತು ಹಿಡಿಯಿತು; ಅದು ಒಳ್ಳೆಯ ಪದವಾಗಿತ್ತು. ಕೊನೆಗೆ ಉಳಿದದ್ದು ಇಷ್ಟು: “ಕಾಜಿಂ ಸಾಹೇಬರ ಆಂಪ್ ಸರಿಯಾಗಿದೆ. ತಪ್ಪು ನನ್ನ ಪ್ರೀ ಆಂಪಿನದು. ನನಗೆ ಮೊದಲೇ ಗೊತ್ತಾಗಿತ್ತು, ಹೇಳಲಿಲ್ಲ.” ಕಳಿಸಿದ. ಆ ಕೋಣೆಯಲ್ಲೇ ಮೂರು ಫೋನುಗಳಿದ್ದವು. ಉಳಿದೆರಡು ಒಟ್ಟಿಗೆ ಟಣ್ ಎಂದವು. ಸಾಹೇಬರು ತಮ್ಮ ಫೋನು ತೆಗೆದು, ಈಗ ತಾನೇ ಓದಿದ್ದನ್ನು ಹೊಸದೆಂಬಂತೆ ಇನ್ನೊಂದು ಸಲ ಓದಿದರು. ಆಮೇಲೆ ಊಟಕ್ಕೆ ಏಳಿ ಎಂದರು.

ಊಟದ ತಟ್ಟೆಯ ಮುಂದೆ ಕೂತಾಗಲೂ ನಾಗರಾಜನ ಕಿವಿ ಫೋನಿನ ಕಡೆಗೇ ಇತ್ತು. ಭಾನುವಾರದ ಮಧ್ಯಾಹ್ನ, ಯಾರೂ ನೋಡಿಲ್ಲವೇನೋ. ಇಲ್ಲ, ನೋಡಿ ಸುಮ್ಮನಿದ್ದಾರೆ. ಮೂವತ್ತು ಜನ ನಾಲ್ಕು ಊರಿನಲ್ಲಿ ತಟ್ಟೆಯ ಮುಂದೆ ಕೂತು ತನ್ನ ಬಗ್ಗೆ ಹೆಂಡತಿಯರ ಹತ್ತಿರ ಮಾತಾಡುತ್ತಿರುವುದು ಅವನಿಗೆ ಕಾಣಿಸಿತು. ಇನ್ನು ಯಾರೂ ಚಾಪೆ ಹಾಸುವುದಿಲ್ಲ. ಅನ್ನ ಕಲಸುತ್ತಿರುವಾಗ ಮೊದಲನೇ ಟಣ್ ಬಂತು. ಮೋಹನ್‌ಬಾಬು. ಸಾಹೇಬ್ರೇ, ನನ್ನ ಆಂಪ್ ಶುರುಮಾಡಿ, ಮಧ್ಯದಲ್ಲಿ ಬೇಡವೆಂದದ್ದಕ್ಕೆ ಕ್ಷಮಿಸಿ ಎಂದು ಬರೆದಿದ್ದರು. ಅದರ ಕೆಳಗೇ, ಇದೇ ಮಾತು ಬಂತಲ್ಲ ಅಂತ ಹೇಳುತ್ತಿದ್ದೇನೆ, ನನ್ನ ಎರಡು ಸ್ಪೀಕರುಗಳಲ್ಲಿ ಒಂದರ ತಂತಿ ಎರಡು ವರ್ಷದಿಂದ ಉಲ್ಟಾ ಇತ್ತು, ಮೊನ್ನೆ ಗೊತ್ತಾಯಿತು, ನೀವೆಲ್ಲ ಬಂದು ಕೇಳಿ ಚೆನ್ನಾಗಿದೆ ಎಂದಿದ್ದಿರಿ ಎಂದಿತ್ತು. ಆ ಎಲ್ಲರಲ್ಲಿ ಮೊದಲು ಚೆನ್ನಾಗಿದೆ ಎಂದವನು ತಾನೇ ಎಂದು ನಾಗರಾಜನಿಗೆ ನೆನಪಾಯಿತು. ಗೌರಿಬಿದನೂರಿನ ಶಿರೀಷಾ ಮೇಡಂ, ತಾವು ಆಂಪಿನ ಹೊಸ ವಾಲ್ವ್ ಎಂದು ಎಲ್ಲರಿಗೂ ಕೇಳಿಸಿದ್ದು ಹಳೆಯದನ್ನೇ ಎಂದು ಬರೆದರು. ಹೊಸದು ಇನ್ನೂ ಪೆಟ್ಟಿಗೆಯಲ್ಲಿದೆಯಂತೆ, ಹಾಕಲು ಹೆದರಿಕೆ. ಚಿಂತಾಮಣಿಯ ಚಿರಂಜೀವಿ, ಎಡಗಡೆ ಕಿವಿ ತನಗೆ ಹುಟ್ಟಿನಿಂದ ಮಂದ, ಈ ಗುಂಪಿಗೆ ಸೇರಿದಾಗ ಹೇಳಿರಲಿಲ್ಲ ಎಂದ. ಟಣ್, ಟಣ್, ಟಣ್. ಮುರಳಿಮೋಹನ್ ಊಟ ಬಿಟ್ಟು, ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತುತ್ತ ತನ್ನದನ್ನೂ ಬರೆಯತೊಡಗಿದ. ಸಾಹೇಬರು ಒಂದೊಂದನ್ನೂ ಓದಿ ಹೇಳುತ್ತಿದ್ದರು, ಅವರ ಹೆಂಡತಿ ಒಳಗಿನಿಂದ ಉರ್ದುವಿನಲ್ಲಿ ಮತ್ತೆ ಕೇಳಿ ನಗುತ್ತಿದ್ದರು, ಶ್ಯಾಮಲಮ್ಮ ತೆಲುಗಿನಲ್ಲಿ ನಗುತ್ತಿದ್ದರು. ಯಾರೋ ಅವನ ತಟ್ಟೆಗೆ ಮತ್ತೆ ಅನ್ನ ಹಾಕಿದರು. ನಾಗರಾಜ ಎಡಗೈಯಿಂದ ತನ್ನ ಫೋನನ್ನು ಎಳೆದುಕೊಂಡು, ತಾನು ಬರೆದದ್ದನ್ನು ಇನ್ನೊಮ್ಮೆ ನೋಡಬೇಕೆಂದು ಮೇಲಕ್ಕೆ ಸರಿಸಿದ. ಬೇರೆಯವರ ತಪ್ಪುಗಳು ಒಂದರ ಹಿಂದೊಂದು ಹೋಗುತ್ತಲೇ ಇದ್ದವು. ಇನ್ನೂ ಸರಿಸಿದ. ಅವನದು ಅಷ್ಟು ಮೇಲಕ್ಕೆ ಹೋಗಿಬಿಟ್ಟಿತ್ತು. ಸ್ವಲ್ಪ ಬೇಸರವಾದಂತೆ ಅನಿಸಿತು; ಫೋನನ್ನು ಮಗುಚಿಟ್ಟು, ಅನ್ನಕ್ಕೆ ಸಾರು ಹಾಕಿಸಿಕೊಂಡ.